ಗುಡುಗಿನ ಪಕ್ಕದಲ್ಲೇ ಪಿಸುಮಾತು

ಉಪಗ್ರಹ ಭೂಕೇಂದ್ರದ ದೊಡ್ಡ ಡಿಶ್ಶು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಒಡಲಲ್ಲಿ ಅಡಗಿರುವ ಗೇಣುದ್ದದ ಲೋಹದ ಪೆಟ್ಟಿಗೆ ಯಾರಿಗೂ ಕಾಣದು. ಆ ಪೆಟ್ಟಿಗೆ ಇಲ್ಲದಿದ್ದರೆ ಡಿಶ್ಶಿಗೆ ಕಿವಿಯೇ ಇಲ್ಲ.

ಹಾಸನದಲ್ಲಿ ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಇನ್ಸಾಟ್ ಸರಣಿಯ ಮೊದಲ ಉಪಗ್ರಹ ಹಾರಿದ 1982ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ಆಕಾಶಕ್ಕೆ ಮುಖ ಮಾಡಿ ನಿಂತ ಡಿಶ್ಶುಗಳ ಸಾಲೇ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಿಗೆ ಆಜ್ಞೆ ಕಳಿಸುವುದು, ಅವು ಹೇಳುವ ಕ್ಷೇಮಸಮಾಚಾರ ಕೇಳುವುದು ಇಲ್ಲಿನ ಕೆಲಸ. ಮಾತಾಡುವುದಕ್ಕೆ ಒಂದು, ಕೇಳುವುದಕ್ಕೆ ಇನ್ನೊಂದು ಎಂದು ಭೂಕೇಂದ್ರಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಡಿಶ್ಶು ಇಡುವುದಿಲ್ಲ. ಒಂದೇ ಡಿಶ್ಶು ಅದೇ ಕ್ಷಣದಲ್ಲಿ ಬಾಯಿಯೂ ಹೌದು, ಕಿವಿಯೂ ಹೌದು.

ಇದು ಕೇಳುವುದಕ್ಕೆ ಸರಳ, ಮಾಡುವುದಕ್ಕೆ ಬಲು ಕಷ್ಟ. ಮೈಕಿನಲ್ಲಿ ಭಾಷಣ ಮಾಡುತ್ತಿರುವವನಿಗೆ ಊರಾಚೆಯ ಹೊಲದಲ್ಲಿ ಇಬ್ಬರು ಆಡುವ ಗುಟ್ಟು ಕೇಳಿಸೀತೇ? ಭೂಕೇಂದ್ರದ ಡಿಶ್ಶಿಗೆ ಅದು ಕೇಳಿಸಲೇಬೇಕು. ಕೇಳಿಸುವಂತೆ ಮಾಡುವ ಸಾಧನಕ್ಕೆ ಮೈಕ್ರೋವೇವ್ ಫಿಲ್ಟರ್ ಎಂದು ಹೆಸರು.

ಎಷ್ಟು ದೊಡ್ಡ ಕೂಗು, ಎಷ್ಟು ಸಣ್ಣ ದನಿ?

ಒಂದು ಉದಾಹರಣೆಯ ಲೆಕ್ಕ ನೋಡೋಣ. 11 ಮೀಟರ್ ಅಗಲದ ಡಿಶ್ಶೊಂದು 400 ವಾಟ್ ಶಕ್ತಿಯಲ್ಲಿ ಸಂಕೇತ ಕಳಿಸುತ್ತಿದೆ ಎಂದುಕೊಳ್ಳಿ. ಟೀವಿ ಕಾರ್ಯಕ್ರಮ ಬಿತ್ತರಿಸುವ ಉಪಗ್ರಹದಿಂದ ಅದೇ ಡಿಶ್ಶಿಗೆ ಮರಳಿ ಬರುವ ಸಂಕೇತದ ಶಕ್ತಿ ಎಷ್ಟು? ಒಂದು ವಾಟನ್ನು ಹತ್ತು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು. ಅಂದರೆ ಹೋಗುವ ಸಂಕೇತ ಬರುವ ಸಂಕೇತಕ್ಕಿಂತ ಹತ್ತು ಲಕ್ಷ ಕೋಟಿ ಪಟ್ಟು ಬಲಶಾಲಿ!

ಇಷ್ಟು ದೊಡ್ಡ ಸಂಖ್ಯೆಗಳನ್ನು ಬರೆಯುತ್ತ ಕೂರಲು ಎಂಜಿನಿಯರುಗಳಿಗೆ ಪುರುಸೊತ್ತಿಲ್ಲ. ಅವರು ಡೆಸಿಬೆಲ್ ಎಂಬ ಅಳತೆ ಬಳಸುತ್ತಾರೆ. 10 ಡೆಸಿಬೆಲ್ ಎಂದರೆ ಹತ್ತು ಪಟ್ಟು, 20 ಎಂದರೆ ನೂರು ಪಟ್ಟು, 30 ಎಂದರೆ ಸಾವಿರ ಪಟ್ಟು. ಪ್ರತಿ ಹತ್ತಕ್ಕೂ ಒಂದು ಸೊನ್ನೆ ಸೇರಿಸುತ್ತಾ ಹೋದರಾಯಿತು. ಮೇಲಿನ ಅಂತರ 130 ಡೆಸಿಬೆಲ್.

ಕೂಗಿನಲ್ಲಿ ಒಂದಿಷ್ಟು ಸೋರಿ ಕಿವಿಯ ಕಡೆ ನುಸುಳಿದರೂ ಅನಾಹುತ. ಉಪಗ್ರಹದ ಕ್ಷೀಣ ದನಿಯನ್ನು ಹಿಗ್ಗಿಸಲೆಂದು ಇಟ್ಟಿರುವ ಆಂಪ್ಲಿಫಯರ್ ಅತಿ ನಾಜೂಕಿನದು. ಅದರ ಮೇಲೆ ಕೂಗು ಬಿದ್ದರೆ ಅದು ಕಿವುಡಾಗುತ್ತದೆ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ.

ಆರು ಮೇಲಕ್ಕೆ, ನಾಲ್ಕು ಕೆಳಕ್ಕೆ

ಇದಕ್ಕೆ ಮೊದಲ ಉಪಾಯವೆಂದರೆ ಹೋಗುವ ಮತ್ತು ಬರುವ ಸಂಕೇತಗಳಿಗೆ ಬೇರೆ ಬೇರೆ ಕಂಪನಾಂಕ ಕೊಡುವುದು. ಅಲೆ ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದೇ ಕಂಪನಾಂಕ. ಸೆಕೆಂಡಿಗೆ ಹತ್ತು ಲಕ್ಷ ಸಲ ಏರಿಳಿದರೆ ಅದು ಒಂದು ಮೆಗಾಹರ್ಟ್ಸ್. ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿ ಮಾಡುವ ಅಲೆಯ ಕಂಪನಾಂಕ ಸುಮಾರು 2,450 ಮೆಗಾಹರ್ಟ್ಸ್. ಉಪಗ್ರಹದ ಅಲೆಗಳೂ ಅದೇ ಕುಲದವು.

ಉಪಗ್ರಹ ಸಂಪರ್ಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಿ-ಬ್ಯಾಂಡಿನಲ್ಲಿ ನೆಲದಿಂದ ಮೇಲಕ್ಕೆ 5,925ರಿಂದ 6,425 ಮೆಗಾಹರ್ಟ್ಸ್, ಮೇಲಿನಿಂದ ಕೆಳಕ್ಕೆ 3,700ರಿಂದ 4,200 ಮೆಗಾಹರ್ಟ್ಸ್. 'ಆರು ಮೇಲಕ್ಕೆ, ನಾಲ್ಕು ಕೆಳಕ್ಕೆ' ಎಂದು ನೆನಪಿಟ್ಟುಕೊಳ್ಳಬಹುದು. 1962ರ ಜುಲೈ 10ರಂದು ಅಮೆರಿಕ ಹಾರಿಸಿದ ಟೆಲ್‌ಸ್ಟಾರ್ ಉಪಗ್ರಹ ಅಟ್ಲಾಂಟಿಕ್ ಸಾಗರದಾಚೆಗೆ ಟೀವಿ ಚಿತ್ರ ದಾಟಿಸಿದಾಗಲೂ ಇದೇ ಪದ್ಧತಿ. ಅದು 6,390 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡು 4,170ರಲ್ಲಿ ಉತ್ತರಿಸುತ್ತಿತ್ತು. ಅದರ ದನಿಯ ಶಕ್ತಿ ಎರಡು ಚಿಲ್ಲರೆ ವಾಟ್ ಮಾತ್ರ.

ಆದರೆ ಕಂಪನಾಂಕ ಬೇರೆಯಾದ ಮಾತ್ರಕ್ಕೆ ಸಂಕೇತಗಳು ತಾವಾಗಿಯೇ ಬೇರೆಯಾಗುವುದಿಲ್ಲ. ಅಕ್ಕಿ ಮತ್ತು ನುಚ್ಚಿನ ಗಾತ್ರ ಬೇರೆ ಎಂಬುದು ನಿಜ. ಬೇರ್ಪಡಿಸಲು ಜರಡಿ ಬೇಕಲ್ಲವೇ?

ಕೊಳವೆಯೇ ಜರಡಿ

ಮೈಕ್ರೋವೇವ್ ಸಂಕೇತಗಳನ್ನು ತಂತಿಯಲ್ಲಿ ಹರಿಸಿದರೆ ಬಹಳಷ್ಟು ನಷ್ಟವಾಗುತ್ತದೆ. ಅದಕ್ಕಾಗಿ ಆಯತಾಕಾರದ ಟೊಳ್ಳು ಲೋಹದ ಕೊಳವೆಗಳಲ್ಲಿ ಅವನ್ನು ಸಾಗಿಸುತ್ತಾರೆ. ಇಂಥ ಕೊಳವೆಗೆ ವೇವ್‌ಗೈಡ್ ಎಂದು ಹೆಸರು. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ 1897ರಲ್ಲೇ ಇದರ ಗಣಿತ ಬಿಡಿಸಿಟ್ಟರು. ಅದೇ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶ ಚಂದ್ರ ಬೋಸರು ಮಿಲಿಮೀಟರ್ ಉದ್ದದ ಅಲೆಗಳೊಂದಿಗೆ ಪ್ರಯೋಗ ಮಾಡುತ್ತ ಇಂಥ ಕೊಳವೆಗಳನ್ನು ಬಳಸಿದ್ದರು.

ರ‍್ಯಾಲೆ ಕಂಡ ಸತ್ಯ ಇದು: ಕೊಳವೆಯ ಒಳ ಅಗಲ ಅಲೆಯ ಉದ್ದದ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಅಲೆ ಮುಂದೆ ಸಾಗುತ್ತದೆ. ಇಲ್ಲವಾದರೆ ಬಾಗಿಲಲ್ಲೇ ಸೊರಗಿ ಸಾಯುತ್ತದೆ. ಭೂಕೇಂದ್ರದ ವಿನ್ಯಾಸಗಾರರಿಗೆ ಇದು ವರವಾಗಿ ಬಂತು. ಆರು ಸಾವಿರ ಮೆಗಾಹರ್ಟ್ಸ್ ಸಂಕೇತ ಸಾಗಿಸುವ ಕೊಳವೆಯ ಒಳ ಅಗಲ 34.85 ಮಿಲಿಮೀಟರ್. 4,300 ಮೆಗಾಹರ್ಟ್ಸ್‌ಗಿಂತ ಕಡಿಮೆ ಕಂಪನಾಂಕದ ಅಲೆ ಇದರಲ್ಲಿ ಸಾಗಲಾರದು. 4,000 ಮೆಗಾಹರ್ಟ್ಸ್‌ನ ಅಲೆ ಇದರೊಳಗೆ ನುಗ್ಗಿದರೆ ಸೆಂಟಿಮೀಟರಿಗೊಮ್ಮೆ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹತ್ತು ಸೆಂಟಿಮೀಟರ್ ದಾಟುವಷ್ಟರಲ್ಲಿ ಸಾವಿರದಲ್ಲೊಂದು ಪಾಲು ಉಳಿದೀತು. ಇದರ ಉಪಯೋಗ ಏನೆಂದರೆ, ಪ್ರಸಾರದ ಯಂತ್ರ ತನ್ನ ಸಂಕೇತದ ಜೊತೆಗೆ ಹೊರಹಾಕುವ ಗೊರಗೊರ ಸದ್ದಿನಲ್ಲಿ ಕಿವಿಗೆ ತೊಂದರೆ ಕೊಡುವ ಭಾಗ ಕೊಳವೆಯಲ್ಲೇ ಇಂಗಿಹೋಗುತ್ತದೆ.

ಇನ್ನೊಂದು ದಿಕ್ಕಿನಲ್ಲಿ ಈ ಉಪಾಯ ನಡೆಯದು. ನಾಲ್ಕು ಸಾವಿರ ಮೆಗಾಹರ್ಟ್ಸ್‌ನ ಉದ್ದನೆಯ ಅಲೆಗೆ 58.17 ಮಿಲಿಮೀಟರಿನ ಅಗಲ ಕೊಳವೆ ಬೇಕು. ಅಂಥ ಹೆಬ್ಬಾಗಿಲಿನಲ್ಲಿ ಆರು ಸಾವಿರದ ಚಿಕ್ಕ ಅಲೆ ಧಾರಾಳವಾಗಿ ನುಗ್ಗುತ್ತದೆ. ಅದನ್ನು ತಡೆಯುವ ಕಾವಲುಗಾರನನ್ನು ಬೇರೆಯಾಗಿಯೇ ನೇಮಿಸಬೇಕು.

ಕೋಣೆಯಿಂದ ಕೋಣೆಗೆ

ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಬೂಂ' ಎಂದು ಒಂದೇ ಸ್ವರ ಹೊರಡುತ್ತದೆ. ಬಾಟಲಿಗೆ ಸ್ವಲ್ಪ ನೀರು ಹಾಕಿದರೆ ಸ್ವರ ಏರುತ್ತದೆ. ಒಳಗಿನ ಖಾಲಿ ಜಾಗದ ಅಳತೆಗೆ ಒಪ್ಪುವ ಸ್ವರ ಮಾತ್ರ ಅಲ್ಲಿ ಮೊಳಗುತ್ತದೆ. ಇದೇ ಅನುರಣನ. ಪಿಯುಸಿ ಭೌತಶಾಸ್ತ್ರದಲ್ಲಿ ಶ್ರುತಿಕವಲು ಹಿಡಿದು ವಿದ್ಯಾರ್ಥಿಗಳು ಮಾಡುವ ಅನುರಣನ ಪ್ರಯೋಗಕ್ಕೂ ಭೂಕೇಂದ್ರದ ಫಿಲ್ಟರಿಗೂ ತತ್ವ ಒಂದೇ.

ಕೊಳವೆಯ ಒಂದು ತುಂಡನ್ನು ಎರಡೂ ಬದಿಯಲ್ಲಿ ಗೋಡೆ ಹಾಕಿ ಮುಚ್ಚಿ, ಗೋಡೆಯಲ್ಲಿ ಸಣ್ಣ ಕಿಂಡಿ ಬಿಟ್ಟರೆ ಅದು ಅಲೆಗಳಿಗೆ ಕೋಣೆಯಾಗುತ್ತದೆ. 58 ಮಿಲಿಮೀಟರಿನ ಕೊಳವೆಯಲ್ಲಿ ಕೋಣೆಯ ಉದ್ದ ಸುಮಾರು ಐದು ಸೆಂಟಿಮೀಟರ್ ಇದ್ದರೆ 3,950 ಮೆಗಾಹರ್ಟ್ಸ್‌ನ ಅಲೆ ಅದರಲ್ಲಿ ಮೊಳಗಿ ಆಚೆಯ ಕಿಂಡಿಯಿಂದ ಹೊರಬೀಳುತ್ತದೆ. ಹೊಂದದ ಅಲೆಗಳು ಮೊದಲ ಗೋಡೆಗೆ ಬಡಿದು ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸಾಗುತ್ತವೆ.

ಒಂದೇ ಕೋಣೆಯ ಕಾವಲು ಸಡಿಲ. ಆದ್ದರಿಂದ ಕೋಣೆಗಳನ್ನು ರೈಲು ಡಬ್ಬಿಗಳ ಹಾಗೆ ಸಾಲಾಗಿ ಜೋಡಿಸುತ್ತಾರೆ. ಪ್ರತಿ ಕೋಣೆಯ ಉದ್ದವೆಷ್ಟು, ಪ್ರತಿ ಕಿಂಡಿಯ ಅಗಲವೆಷ್ಟು ಎಂದು ನಿರ್ಧರಿಸುವುದೇ ವಿನ್ಯಾಸದ ತಿರುಳು. ಇಲ್ಲಿ ನೆರವಿಗೆ ಬರುವವನು ಹತ್ತೊಂಬತ್ತನೇ ಶತಮಾನದ ರಷ್ಯಾದ ಗಣಿತಜ್ಞ ಪಾಫ್ನುತಿ ಚೆಬಿಶೇವ್. ಆತ ತಲೆ ಕೆಡಿಸಿಕೊಂಡಿದ್ದು ಉಗಿಯಂತ್ರದ ಸನ್ನೆಗೋಲುಗಳ ಬಗ್ಗೆ. ತಿರುಗುವ ಚಲನೆಯನ್ನು ಆದಷ್ಟೂ ನೇರ ಚಲನೆಯಾಗಿಸುವುದು ಹೇಗೆ, ತಪ್ಪನ್ನು ಎಲ್ಲೆಡೆ ಸಮನಾಗಿ ಹಂಚಿ ಕನಿಷ್ಠಗೊಳಿಸುವುದು ಹೇಗೆ ಎಂದು ಹುಡುಕುತ್ತ 1854ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೀಜಗಣಿತದ ಹೊಸ ಬಹುಪದಿಗಳು ಹುಟ್ಟಿದವು. ರೇಡಿಯೋ ಎಂಬುದು ಕನಸಿನಲ್ಲೂ ಇಲ್ಲದ ಕಾಲ ಅದು. ಇಂದು ಜಗತ್ತಿನಾದ್ಯಂತ ಫಿಲ್ಟರುಗಳ ಕಿಂಡಿಯ ಅಳತೆ ಹೊರಡುವುದು ಆ ಬಹುಪದಿಗಳಿಂದ. 'ಈ ಲೆಕ್ಕದಿಂದ ಏನು ಉಪಯೋಗ?' ಎಂದು ಕೇಳುವ ಮಕ್ಕಳಿಗೆ ಹೇಳಬಹುದಾದ ಕಥೆಯಿದು.

ಆ ಗಣಿತ ಕೊಡುವ ಉತ್ತರ ಹೀಗಿದೆ. 3,700ರಿಂದ 4,200 ಮೆಗಾಹರ್ಟ್ಸ್ ವರೆಗೆ ದಾರಿ ಬಿಡುವ, ಐದು ಕೋಣೆಗಳ ಆದರ್ಶ ಫಿಲ್ಟರು 5,925 ಮೆಗಾಹರ್ಟ್ಸ್‌ನ ಕೂಗನ್ನು ಸುಮಾರು 90 ಕೋಟಿ ಪಟ್ಟು ತಗ್ಗಿಸುತ್ತದೆ. ಹೋಗುವ ಮತ್ತು ಬರುವ ಅಲೆಗಳನ್ನು ಒಂದಕ್ಕೊಂದು ಅಡ್ಡಲಾಗಿ ಕಂಪಿಸುವಂತೆ ಮಾಡಿದರೆ ಇನ್ನಷ್ಟು ರಕ್ಷಣೆ ಸಿಗುತ್ತದೆ. ಎರಡೂ ಸೇರಿದರೆ ನಾಜೂಕಿನ ಆಂಪ್ಲಿಫಯರ್ ನೆಮ್ಮದಿಯಾಗಿ ಕೆಲಸ ಮಾಡಬಹುದು. ಇಷ್ಟಕ್ಕೆಲ್ಲ ಬೇಕಾದದ್ದು ಗೇಣುದ್ದದ ಪೆಟ್ಟಿಗೆ. ಅದಕ್ಕೆ ವಿದ್ಯುತ್ ಬೇಡ, ಅದರೊಳಗೆ ಗಾಳಿಯ ಹೊರತು ಬೇರೇನೂ ಇಲ್ಲ.

ಪುಕ್ಕಟೆ ಊಟವಿಲ್ಲ

ಹಾಗಾದರೆ ಐದರ ಬದಲು ಇಪ್ಪತ್ತು ಕೋಣೆ ಹಾಕಿಬಿಡಬಹುದಲ್ಲ? ಇಲ್ಲೇ ಇರುವುದು ಇಕ್ಕಟ್ಟು. ಪ್ರತಿ ಕೋಣೆಯ ಗೋಡೆಯೂ ಹಾದುಹೋಗುವ ಸಂಕೇತದಿಂದ ಒಂದಿಷ್ಟು ಸುಂಕ ವಸೂಲಿ ಮಾಡುತ್ತದೆ. ಹೋದ ಶಕ್ತಿ ಶಾಖವಾಗುತ್ತದೆ. ಶಾಖವಿರುವ ಪ್ರತಿ ವಸ್ತುವೂ ಮೈಕ್ರೋವೇವ್ ಕಿವಿಗೆ ಗೊರಗುಟ್ಟುವಂತೆ ಕೇಳಿಸುತ್ತದೆ. ಈ ಗೊರಗನ್ನು ಎಂಜಿನಿಯರುಗಳು ಉಷ್ಣತೆಯ ಲೆಕ್ಕದಲ್ಲೇ, ಅಂದರೆ ಕೆಲ್ವಿನ್‌ನಲ್ಲಿ, ಅಳೆಯುತ್ತಾರೆ. ಸಿ-ಬ್ಯಾಂಡಿನ ಒಳ್ಳೆಯ ಆಂಪ್ಲಿಫಯರಿನ ಗೊರಗು 30-40 ಕೆಲ್ವಿನ್ ಇರುತ್ತದೆ. ಅದರ ಮುಂದಿಟ್ಟ ಫಿಲ್ಟರಿನಲ್ಲಿ ಕೇವಲ 0.1 ಡೆಸಿಬೆಲ್ ನಷ್ಟವಾದರೂ, ಅಂದರೆ ನೂರಕ್ಕೆ ಎರಡು ಪಾಲು ಕಳೆದುಹೋದರೂ, ಸುಮಾರು 7 ಕೆಲ್ವಿನ್ ಸೇರಿಕೊಳ್ಳುತ್ತದೆ.

ಕಾವಲು ಬಿಗಿಯಾದಷ್ಟೂ ಅತಿಥಿಯ ದನಿ ಕ್ಷೀಣಿಸುತ್ತದೆ. ಅತಿಥಿಗೆ ಅನುಕೂಲ ಮಾಡಿದರೆ ಕಳ್ಳನೂ ನುಗ್ಗುತ್ತಾನೆ. ಫಿಲ್ಟರ್ ವಿನ್ಯಾಸವೆಂದರೆ ಇವೆರಡರ ನಡುವಿನ ರಾಜಿ. ಎಷ್ಟು ಕೋಣೆ ಸಾಕು ಎಂದು ಹೇಳಬಲ್ಲವನೇ ಇಲ್ಲಿ ಜಾಣ.

ಪಕ್ಕದ ಮನೆಗೆ ಬಂದ ಗದ್ದಲ

ಈ ರಾಜಿ ಇತ್ತೀಚಿನ ವರ್ಷಗಳಲ್ಲಿ ತೀರ ಬಿಗಿಯಾಗಿದೆ. ಕಾರಣ, ಮೊಬೈಲ್ ಫೋನು. ಭಾರತದಲ್ಲಿ 2022ರ ಜುಲೈ-ಆಗಸ್ಟ್‌ನಲ್ಲಿ ನಡೆದ ತರಂಗಗುಚ್ಛ ಹರಾಜಿನಲ್ಲಿ 5ಜಿ ಸೇವೆಗಾಗಿ 3,300ರಿಂದ 3,670 ಮೆಗಾಹರ್ಟ್ಸ್ ವರೆಗಿನ ಭಾಗವನ್ನು ಮಾರಲಾಯಿತು. ಅದೇ ಅಕ್ಟೋಬರ್ 1ರಂದು ಸೇವೆಯೂ ಆರಂಭವಾಯಿತು. ಟೀವಿ ವಾಹಿನಿಗಳನ್ನು ಹೊತ್ತು ಬರುವ ಉಪಗ್ರಹದ ಅಲೆ ಶುರುವಾಗುವುದು 3,700ರಿಂದ. ನಡುವೆ ಇರುವ ಬಯಲು ಬರೀ 30 ಮೆಗಾಹರ್ಟ್ಸ್!

ಊರಿನ ಕೇಬಲ್ ಟೀವಿ ಕಚೇರಿಯ ಮಾಳಿಗೆಯ ಮೇಲೆ ಡಿಶ್ಶುಗಳಿವೆ. ರಸ್ತೆಯಾಚೆಯ ಕಟ್ಟಡದ ಮೇಲೆ 5ಜಿ ಗೋಪುರ ನಿಲ್ಲುತ್ತದೆ. ಉಪಗ್ರಹ 36,000 ಕಿಲೋಮೀಟರ್ ದೂರದಲ್ಲಿ, ಗೋಪುರ ನೂರಿನ್ನೂರು ಮೀಟರಿನಲ್ಲಿ. ಡಿಶ್ಶಿನ ಮೂತಿಯಲ್ಲಿರುವ ಆಂಪ್ಲಿಫಯರ್ ಈ ಗದ್ದಲವನ್ನೂ ಹಿಗ್ಗಿಸಲು ಹೋಗಿ ಉಸಿರುಗಟ್ಟಿಕೊಳ್ಳುತ್ತದೆ. ಟೀವಿ ಪರದೆಯ ಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲವೇ ಪೂರ್ತಿ ಮಾಯವಾಗುತ್ತದೆ. ಆಂಪ್ಲಿಫಯರ್ ಒಮ್ಮೆ ಉಸಿರುಗಟ್ಟಿದ ಮೇಲೆ ಹಿಂದೆ ಎಷ್ಟೇ ದುಬಾರಿಯ ಸಾಧನವಿಟ್ಟರೂ ಪ್ರಯೋಜನವಿಲ್ಲ. ಹಾಲು ಒಡೆದ ಮೇಲೆ ಸೋಸಿ ಏನು ಬಂತು? ಫಿಲ್ಟರನ್ನು ಆಂಪ್ಲಿಫಯರಿನ ಮುಂದೆಯೇ ಕೂರಿಸಬೇಕು.

ಹಿಂದಿನ ಲೆಕ್ಕವನ್ನೇ ಈ ನೆರೆಯವನಿಗೂ ಹಾಕಿ ನೋಡಿದರೆ ಕಷ್ಟ ಅರ್ಥವಾಗುತ್ತದೆ. ದೂರದ 5,925 ಮೆಗಾಹರ್ಟ್ಸ್‌ನ ಅಲೆಯನ್ನು ಐದೇ ಕೋಣೆ 90 ಕೋಟಿ ಪಟ್ಟು ತಗ್ಗಿಸಿತ್ತು. ಪಕ್ಕದ 3,670ರ ಅಲೆಯನ್ನು ಆರು ಕೋಣೆಗಳೂ ಸೇರಿ ತಗ್ಗಿಸುವುದು ಬರೀ ಮೂರೂವರೆ ಪಟ್ಟು. ಸಾವಿರ ಪಟ್ಟು ತಗ್ಗಿಸಬೇಕಾದರೆ ಹನ್ನೆರಡು ಕೋಣೆ ಬೇಕು. ಪೆಟ್ಟಿಗೆ ಗೇಣಿನಿಂದ ಮೊಳಕ್ಕೂ ಹೆಚ್ಚು ಬೆಳೆಯುತ್ತದೆ, ಸುಂಕವೂ ಬೆಳೆಯುತ್ತದೆ. ದೂರದ ಶತ್ರುವಿಗಿಂತ ಹತ್ತಿರದ ನೆಂಟನನ್ನು ಸಂಭಾಳಿಸುವುದು ಕಷ್ಟ ಎಂಬ ಲೋಕಾನುಭವ ಇಲ್ಲೂ ನಿಜ.

ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಪಲ್ಲಟವೇ ನಡೆಯಿತು. 2021ರ ಆರಂಭದಲ್ಲಿ ಮುಗಿದ ಹರಾಜಿನಲ್ಲಿ ಉಪಗ್ರಹಗಳ ಪಾಲಿನ 3,700ರಿಂದ 3,980 ಮೆಗಾಹರ್ಟ್ಸ್ ಭಾಗ ಮೊಬೈಲ್ ಕಂಪನಿಗಳಿಗೆ ಹೋಯಿತು. ಉಪಗ್ರಹ ಸೇವೆಗಳು 4,000ದಿಂದ 4,200ರ ಕಿರಿದಾದ ಜಾಗಕ್ಕೆ ಸರಿದವು. ನಡುವೆ ಬಿಟ್ಟ ಬಯಲು 20 ಮೆಗಾಹರ್ಟ್ಸ್ ಮಾತ್ರ. ಅಲ್ಲಿನ ಭೂಕೇಂದ್ರಗಳಿಗೆ ಹೊಸ ಫಿಲ್ಟರುಗಳನ್ನು ಅಳವಡಿಸುವುದು ಈ ಸ್ಥಳಾಂತರದ ಮುಖ್ಯ ಕೆಲಸವಾಯಿತು.

ಕೋಣೆಗಳನ್ನು ಹೆಚ್ಚಿಸದೆ ಕಾವಲು ಬಿಗಿ ಮಾಡುವ ಒಂದು ಜಾಣ್ಮೆಯೂ ಇದೆ. ಸಾಲಿನಲ್ಲಿ ಅಕ್ಕಪಕ್ಕದಲ್ಲಿಲ್ಲದ ಎರಡು ಕೋಣೆಗಳ ನಡುವೆ ಇನ್ನೊಂದು ಕಳ್ಳಗಿಂಡಿ ತೆರೆಯುತ್ತಾರೆ. ಬೇಡದ ಅಲೆ ಎರಡು ದಾರಿಗಳಲ್ಲಿ ಬಂದು, ಒಂದರ ಏರು ಇನ್ನೊಂದರ ಇಳಿತಕ್ಕೆ ಸರಿಹೊಂದಿ ಎರಡೂ ಅಳಿಸಿಹೋಗುತ್ತವೆ. ಯಾವ ಕಂಪನಾಂಕದಲ್ಲಿ ಅಳಿಯಬೇಕೆಂಬುದನ್ನು ವಿನ್ಯಾಸಗಾರ ಆಯ್ದುಕೊಳ್ಳಬಹುದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾಮ್‌ಸ್ಯಾಟ್ ಪ್ರಯೋಗಾಲಯದ ಅಲಿ ಆತಿಯಾ ಮತ್ತು ಆಲ್ಬರ್ಟ್ ವಿಲಿಯಮ್ಸ್ ಇದಕ್ಕೆ ವ್ಯವಸ್ಥಿತ ಗಣಿತ ಕೊಟ್ಟರು. ಒಂದೇ ಕೋಣೆಯಲ್ಲಿ ಎರಡು ಅಲೆಗಳನ್ನು ಅಡ್ಡಡ್ಡಲಾಗಿ ಮೊಳಗಿಸಿ ಎರಡು ಕೋಣೆಯ ಕೆಲಸ ತೆಗೆಯುವ ವಿಧಾನವನ್ನೂ ಅವರು ಬೆಳೆಸಿದರು. ಗ್ರಾಂ ಲೆಕ್ಕದಲ್ಲಿ ತೂಕ ನೋಡಬೇಕಾದ ಉಪಗ್ರಹಗಳೊಳಗಿನ ಫಿಲ್ಟರುಗಳಿಗೆ ಇದು ವರದಾನವಾಯಿತು.

ಬಿಸಿಲಿಗೆ ಬದಲಾಗುವ ಶ್ರುತಿ

ಕಾಗದದ ಮೇಲಿನ ಲೆಕ್ಕ ಲೋಹಕ್ಕಿಳಿಯುವಾಗ ಬೇರೆಯೇ ಪರೀಕ್ಷೆ ಎದುರಾಗುತ್ತದೆ. ಐದು ಸೆಂಟಿಮೀಟರಿನ ಕೋಣೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಉದ್ದವಾದರೂ ಅದರ ಶ್ರುತಿ ನಾಲ್ಕೈದು ಮೆಗಾಹರ್ಟ್ಸ್ ಇಳಿಯುತ್ತದೆ. 30 ಮೆಗಾಹರ್ಟ್ಸ್ ಬಯಲಿನಲ್ಲಿ ಇದು ಸಣ್ಣ ತಪ್ಪಲ್ಲ. ಇದರ ಮೇಲೆ ಹವಾಮಾನ. ಅಲ್ಯೂಮಿನಿಯಂ ಬಿಸಿಯಾದರೆ ಹಿಗ್ಗುತ್ತದೆ. ಕಲಬುರಗಿಯ ಚಳಿಗಾಲದ ನಸುಕಿಗೂ ಬೇಸಿಗೆಯ ಬಿಸಿಲಲ್ಲಿ ಕಾದ ಪೆಟ್ಟಿಗೆಗೂ 40 ಡಿಗ್ರಿ ವ್ಯತ್ಯಾಸವಿದ್ದರೆ, ಅಲ್ಯೂಮಿನಿಯಂ ಫಿಲ್ಟರಿನ ಶ್ರುತಿ ಮೂರೂವರೆ ಮೆಗಾಹರ್ಟ್ಸ್‌ಗಿಂತ ಹೆಚ್ಚು ಸರಿಯುತ್ತದೆ.

ಇದು ಸಹಿಸಲಾಗದ ಕಡೆ ಇನ್‌ವಾರ್ ಎಂಬ ಮಿಶ್ರಲೋಹ ಬಳಸುತ್ತಾರೆ. ಕಬ್ಬಿಣ ಮತ್ತು ನಿಕ್ಕಲ್ ಬೆರೆಸಿದ ಈ ಲೋಹ ಬಿಸಿಗೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. 1896ರಲ್ಲಿ ಇದನ್ನು ಕಂಡುಹಿಡಿದ ಷಾರ್ಲ್ ಗಿಯೋಮ್‌ಗೆ 1920ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಅದು ಭಾರ, ವಿದ್ಯುತ್ ವಾಹಕತೆಯೂ ಕಡಿಮೆ. ಹಾಗಾಗಿ ಒಳಮೈಗೆ ಬೆಳ್ಳಿಯ ಲೇಪ ಕೊಡುತ್ತಾರೆ.

ಕೊನೆಯ ಹಂತ ವೀಣೆಗೆ ಶ್ರುತಿ ಮಾಡಿದ ಹಾಗೆ. ಪ್ರತಿ ಕೋಣೆಯ ತಲೆಯ ಮೇಲೂ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಶ್ರುತಿ ಇಳಿಯುತ್ತದೆ, ಹೊರಕ್ಕೆ ತೆಗೆದರೆ ಏರುತ್ತದೆ. ತಂತ್ರಜ್ಞರು ಮಾಪಕ ಯಂತ್ರದ ಪರದೆಯ ಮೇಲಿನ ಗೆರೆಯನ್ನು ನೋಡುತ್ತ ಒಂದೊಂದೇ ಸ್ಕ್ರೂವನ್ನು ಕಾಲು ಸುತ್ತು, ಅರೆ ಸುತ್ತು ತಿರುಗಿಸುತ್ತಾರೆ. ಒಂದನ್ನು ಮುಟ್ಟಿದರೆ ಉಳಿದವುಗಳ ಶ್ರುತಿಯೂ ಕದಡುತ್ತದೆ. ಕಂಪ್ಯೂಟರ್ ಎಷ್ಟೇ ಮುಂದುವರಿದರೂ ನುರಿತ ಕೈಗೆ ಇಲ್ಲಿ ಇಂದಿಗೂ ಬೆಲೆಯಿದೆ.

ಚಂದ್ರನ ದನಿಗೂ ಇದೇ ಕಾವಲು

ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊದ 32 ಮೀಟರ್ ಅಗಲದ ಆಂಟೆನಾ ಇದೆ. 2008ರ ಚಂದ್ರಯಾನಕ್ಕಾಗಿ ಸಿದ್ಧವಾದ ಈ ಕೇಂದ್ರ ಮಂಗಳಯಾನದ ದನಿಯನ್ನೂ, 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ದನಿಯನ್ನೂ ಕೇಳಿಸಿಕೊಂಡಿದೆ. ಚಂದ್ರನಿರುವುದು ಸಂಪರ್ಕ ಉಪಗ್ರಹಗಳಿಗಿಂತ ಹತ್ತು ಪಟ್ಟು ದೂರ. ಅಷ್ಟು ದೂರದಿಂದ ಬರುವ ದನಿ ನೂರು ಪಟ್ಟು ಕ್ಷೀಣ. ಬಾಹ್ಯಾಕಾಶ ನೌಕೆಗಳಿಗೆ ಜಗತ್ತಿನಾದ್ಯಂತ ಬಳಸುವ ಎಸ್-ಬ್ಯಾಂಡಿನಲ್ಲಿ ಮೇಲಕ್ಕೆ ಹೋಗುವ ದಾರಿ 2,110 ಮೆಗಾಹರ್ಟ್ಸ್ ಸುಮಾರಿಗೆ ಮುಗಿದರೆ, ಕೆಳಕ್ಕೆ ಬರುವ ದಾರಿ 2,200ರಲ್ಲಿ ಆರಂಭವಾಗುತ್ತದೆ. ಆಜ್ಞೆ ಹೋಗುತ್ತಿರುವಾಗಲೇ ಉತ್ತರ ಕೇಳಬೇಕು. ನೌಕೆ ಹೇಳುವುದೊಂದು, ನೆಲಕ್ಕೆ ಕೇಳಿಸುವುದೊಂದು ಆದರೆ ನೂರಾರು ಜನರ ವರ್ಷಗಳ ದುಡಿಮೆ ಅಪಾಯಕ್ಕೆ ಸಿಲುಕುತ್ತದೆ.

ಈ ವಿದ್ಯೆಗೆ ಬೆಂಗಳೂರಿನಲ್ಲಿ ಹಳೆಯ ಬೇರುಗಳಿವೆ. 1922ರಲ್ಲಿ ಹುಟ್ಟಿದ ಕನ್ನಡನಾಡಿನ ರಾಜೇಶ್ವರಿ ಚಟರ್ಜಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1953ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ಆ ಸಂಸ್ಥೆಯ ಮೊದಲ ಮಹಿಳಾ ಎಂಜಿನಿಯರ್ ಎಂಬ ಹಿರಿಮೆ ಅವರದು. 2010ರಲ್ಲಿ ಅವರು ತೀರಿಕೊಂಡರು.

ಮಗನೋ ಮಗಳೋ ಈ ದಾರಿ ಹಿಡಿಯಬೇಕೆಂದರೆ ಏನು ಓದಬೇಕು? ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಎಂಜಿನಿಯರಿಂಗ್ ನೇರ ದಾರಿ. ಅಲ್ಲಿ ವಿದ್ಯುತ್ಕಾಂತೀಯ ಅಲೆಗಳ ವಿಷಯವನ್ನು ಕಷ್ಟವೆಂದು ಬಿಟ್ಟುಬಿಡುವವರೇ ಬಹಳ. ಬಿಡದೆ ಹಿಡಿದವರಿಗೆ ಈ ಕ್ಷೇತ್ರ ಬಾಗಿಲು ತೆರೆಯುತ್ತದೆ. ಅದೊಂದೇ ದಾರಿಯೂ ಅಲ್ಲ. ಚೆಬಿಶೇವನ ಬಹುಪದಿ ಬಿಡಿಸುವವರಿಗೆ ಗಣಿತ, ಹಿಗ್ಗದ ಲೋಹ ಹುಡುಕುವವರಿಗೆ ಭೌತಶಾಸ್ತ್ರ, ಮಿಲಿಮೀಟರಿನ ನೂರನೇ ಪಾಲಿಗೆ ಲೋಹ ಕೊರೆಯುವವರಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಅಥವಾ ಟೂಲ್‌ರೂಮ್ ತರಬೇತಿ ಬೇಕು. ನಾಲ್ವರ ಕೆಲಸವೂ ಸರಿಯಾಗಿದ್ದರೆ ಮಾತ್ರ ಪೆಟ್ಟಿಗೆ ಹೇಳಿದಂತೆ ಕೇಳುತ್ತದೆ.

ಆಕಾಶಕ್ಕೆ ಬೇಲಿಯಿಲ್ಲ, ಆದರೆ ಅದರಲ್ಲಿ ಹರಿಯುವ ಅಲೆಗಳಿಗೆ ಜಾಗ ಕಡಿಮೆಯಾಗುತ್ತಿದೆ. ಮೊಬೈಲು, ಟೀವಿ, ವಿಮಾನ, ಉಪಗ್ರಹ ಎಲ್ಲವೂ ಒಂದೇ ಓಣಿಯಲ್ಲಿ ಒತ್ತೊತ್ತಾಗಿ ಮನೆ ಮಾಡಿವೆ. ನೆರೆಹೊರೆಯವರು ಜಗಳವಾಡದೆ ಬಾಳಬೇಕಾದರೆ ನಡುವೆ ಒಳ್ಳೆಯ ಗೋಡೆಗಳು ಬೇಕು. ಅಂಥ ಗೋಡೆ ಕಟ್ಟುವವರ ಅಗತ್ಯ ಮುಂದೆ ಹೆಚ್ಚುವುದೇ ಹೊರತು ಕಡಿಮೆಯಾಗದು.